ಡಾಗ್ನಿಯ ದಿಬ್ಬದ ನೀಲಿಟೋಪಿ

ಹೆಸೆಲ್‌ಬೈ ಊರಿನಲ್ಲಿ ತಲೆಯ ಮೇಲೆ ಕೂದಲಿದ್ದವರೆಲ್ಲ ಒಂದಲ್ಲ ಒಂದು ದಿನ ಬೊಡಿಲ್ ಮುಂದೆ ಕತ್ತು ಬಗ್ಗಿಸಿದವರೇ. ಚರ್ಚು ದಾಟಿ ಇಳಿದರೆ ಡಾಂಬರು ಮುಗಿದು ಜಲ್ಲಿ ಹಾದಿ ಶುರುವಾಗುತ್ತದಲ್ಲ, ಆ ಓಣಿಯಲ್ಲಿ ಅವಳ ಮನೆ. ರಸ್ತೆ ಬದಿಯ ಕೋಣೆಯೇ ಸಲೂನು. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಪಕ್ಕದಲ್ಲಿ ಕಾಫಿ ತುಂಬಿದ ಫ್ಲಾಸ್ಕು. ಕತ್ತರಿಯೂ ನಾಲಿಗೆಯೂ ಜೊತೆಜೊತೆಗೆ ಆಡುವ ಜಾಗ.

ಬೊಡಿಲ್‌ಗೆ ಅಚ್ಚುಕಟ್ಟು ಎಂದರೆ ಪ್ರಾಣ. ಯಾರದೋ ಕಿವಿಯ ಹಿಂದೆ ಒಂದು ಕೂದಲು ಉದ್ದ ಉಳಿದಿದ್ದರೆ ಬಾಗಿಲ ತನಕ ಹೋದವರನ್ನೂ ಮತ್ತೆ ಕರೆದು ಕೂರಿಸುವಳು. ಹಿತ್ತಲಿನ ಹುಲ್ಲುಹಾಸೂ ಹಾಗೆಯೇ. ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದ ಗಂಡ ಐಗಿಲ್ ಶನಿವಾರ ಬಂತೆಂದರೆ ಹುಲ್ಲು ಕೊಯ್ಯುವ ಯಂತ್ರ ಹೊರತೆಗೆಯಲೇಬೇಕು. "ನನ್ನ ತಲೇಲಿ ನಿಂಗೆ ಕತ್ತರಿಸೋಕೆ ಏನೂ ಉಳಿದಿಲ್ಲ, ಅದಕ್ಕೇ ಈ ಹುಲ್ಲಿನ ಮೇಲೆ ಸಿಟ್ಟು ತೀರಿಸ್ಕೋತೀಯ" ಎಂದು ಅವನು ಬೋಳುತಲೆ ಸವರಿಕೊಳ್ಳುತ್ತಿದ್ದ.

ಪಕ್ಕದ ಮನೆಯವಳು ಡಾಗ್ನಿ. ಎಂಬತ್ತು ದಾಟಿದ್ದಳು. ವಯಸ್ಸಿನಲ್ಲಿದ್ದಾಗ ಪಟ್ಟಣದ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ದುಡಿದವಳು, ಒಂಟಿ ಜೀವ. ಅವಳ ಮನೆಯ ಹಿಂದೆ ಮರಳು ಮಣ್ಣಿನ ದಿಬ್ಬವೊಂದು ಹಳೆಯ ರೈಲು ಹಾದಿಯ ಕಡೆಗೆ ಇಳಿದಿತ್ತು. ಬೇಸಿಗೆಯಲ್ಲಿ ಅಲ್ಲಿ ತೊಡೆಯುದ್ದ ಹುಲ್ಲು ಬೆಳೆಯುತ್ತಿತ್ತು. ಆ ಹುಲ್ಲಿನ ಮೇಲೆ ಸಣ್ಣಗೆ ಉದ್ದವಾದ ಕಾಂಡದ ತುದಿಯಲ್ಲಿ ಒಂದೊಂದು ಚಪ್ಪಟೆ ಹೂ, ನೇರಳೆ ಬೆರೆತ ನೀಲಿ ಬಣ್ಣದ್ದು, ಗಾಳಿಗೆ ತೂಗುತ್ತಿತ್ತು. ನೀಲಿಟೋಪಿ ಎಂದು ಅದರ ಹೆಸರು. ಹೆಸರು ಎಲ್ಲರಿಗೂ ಗೊತ್ತಿತ್ತು, ಬೆಲೆ ಯಾರಿಗೂ ಗೊತ್ತಿರಲಿಲ್ಲ. ಸಲೂನಿನ ಬೆಂಚಿನ ಮೇಲೆ ಆ ದಿಬ್ಬ ಒಂದು ಖಾಯಂ ತಮಾಷೆ.

"ಡಾಗ್ನಿ ಹಿತ್ತಲಲ್ಲಿ ನರಿ ಸಂಸಾರ ಹೂಡಿದ್ರೂ ಅವಳಿಗೆ ಗೊತ್ತಾಗಲ್ಲ."

"ನರಿ ಯಾಕೆ, ಊರಿನ ಪಾದ್ರಿ ಕಳೆದುಹೋದ್ರೂ ಅಲ್ಲೇ ಹುಡುಕ್ಬೇಕು."

ಎಲ್ಲರೂ ನಗುತ್ತಿದ್ದರು. ಎಷ್ಟೋ ಸಲ ಆ ಮಾತು ತೆಗೆಯುತ್ತಿದ್ದವಳೇ ಬೊಡಿಲ್.

ಆ ವರ್ಷ ಜೂನ್ ಕೊನೆಯಲ್ಲಿ ಡಾಗ್ನಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಆಮೇಲೆ ಮತ್ತೆ ನಡೆಯುವುದನ್ನು ಕಲಿಸುವ ಮನೆ, ಹೀಗೆ ಅರ್ಧ ಬೇಸಿಗೆ ಹೊರಗೇ ಕಳೆಯಿತು. ಮನೆಯ ಬೀಗದ ಕೈ ಬೊಡಿಲ್ ಹತ್ತಿರ ಇತ್ತು. ಕಿಟಕಿಯ ಕುಂಡಗಳಿಗೆ ನೀರು ಹಾಕಲು ಹೋದಾಗಲೆಲ್ಲ ಡಾಗ್ನಿಯ ಅಡುಗೆಮನೆಯಿಂದ ಆ ದಿಬ್ಬ ಕಣ್ಣಿಗೆ ಬೀಳುತ್ತಿತ್ತು. ಬಾಚಣಿಗೆ ಕಾಣದ ತಲೆಯ ಹಾಗೆ.

"ಅವಳು ಬರೋ ಅಷ್ಟರಲ್ಲಿ ಅದನ್ನ ಚೊಕ್ಕ ಮಾಡಿಬಿಡೋಣ" ಎಂದಳು ಬೊಡಿಲ್.

"ಅವಳು ಕೇಳಿದ್ಲಾ?" ಎಂದ ಐಗಿಲ್.

"ಕೇಳ್ಬೇಕಾ? ಸೊಂಟ ಮುರಿದೋಳು ಊರುಗೋಲು ಹಿಡ್ಕೊಂಡು ಆ ಕಾಡಲ್ಲಿ ಹೆಂಗೆ ಓಡಾಡ್ತಾಳೆ? ನೋಡಿದ್ರೆ ಖುಷಿ ಪಡ್ತಾಳೆ."

ಅವಳ ಮನಸ್ಸಿನಲ್ಲಿ ಆಗ ಕೆಟ್ಟದ್ದೇನೂ ಇರಲಿಲ್ಲ. ದೊಡ್ಡ ಅಲಗಿನ ಯಂತ್ರವೊಂದನ್ನು ಬಾಡಿಗೆಗೆ ತಂದರು. ಐಗಿಲ್ ಕೊಯ್ದ, ಬೊಡಿಲ್ ಬಾಚಿ ರಾಶಿ ಹಾಕಿದಳು. ಹೂವೆಲ್ಲ ಅರಳಿ ನಿಂತ ಕಾಲ. ಬಿದ್ದ ಹೂಗಳ ಮೇಲೆ ಕಪ್ಪಗಿನ ಜೇನಿನಂಥ ಹುಳುಗಳು ಬಂದು ಕೂರುವವು, ಏಳುವವು, ನಿಂತ ಕಾಂಡ ಎಲ್ಲಿ ಎಂದು ಹುಡುಕುವ ಹಾಗೆ ಖಾಲಿ ಗಾಳಿಯಲ್ಲಿ ಸುತ್ತುವವು. ಕಚ್ಚಿಯಾವೆಂದು ಬೊಡಿಲ್ ಅವನ್ನು ಬಾಚುಗೋಲಿನಿಂದ ಬೀಸಿ ಓಡಿಸಿದಳು. ಒಂದು ವಾರ ಕಳೆದು ಬುಡದಿಂದ ಮತ್ತೆ ಎಲೆ ಚಿಗುರಿದಾಗ, ಶೆಡ್ಡಿನಲ್ಲಿ ಉಳಿದಿದ್ದ ಕಳೆನಾಶಕವನ್ನು ಸಿಂಪಡಿಸಿದಳು. ಹುಲ್ಲನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಲ್ಲುವ ಔಷಧ ಅದು. ಆಮೇಲೆ ದಿನವೂ ನೀರು ಬಿಟ್ಟಳು. ಆಗಸ್ಟ್ ಹೊತ್ತಿಗೆ ದಿಬ್ಬ ಹಸಿರು ಮಖಮಲ್ಲಿನ ಹಾಗಾಯಿತು.

ಡಾಗ್ನಿ ಬರುವ ದಿನ, ಆ ಊರಲ್ಲಿ ಸಂಭ್ರಮಕ್ಕೆ ಮಾಡುವ ಹಾಗೆ, ಬೊಡಿಲ್ ಅವಳ ಮನೆಯ ಮುಂದಿನ ಕಂಬಕ್ಕೆ ಬಾವುಟ ಏರಿಸಿದಳು. ಮೂರು ಪದರದ ಕೆನೆ ಕೇಕು ಮಾಡಿ ಮೇಜಿನ ಮೇಲಿಟ್ಟಳು. ಆಸ್ಪತ್ರೆಯ ವ್ಯಾನಿನಿಂದ ಇಳಿದ ಡಾಗ್ನಿ ಬಾವುಟ ನೋಡಿ "ರಾಣಿ ಬಂದಳಾ ಇಲ್ಲಿಗೆ?" ಎಂದು ನಕ್ಕಳು. ನಡೆಯಲು ಆಸರೆಯಾದ ಗಾಲಿ ಚೌಕಟ್ಟು ತಳ್ಳಿಕೊಂಡು ಒಳಗೆ ಬಂದವಳು ಕೇಕಿನ ಕಡೆ ನೋಡದೆ ನೆಟ್ಟಗೆ ಅಡುಗೆಮನೆಯ ಕಿಟಕಿಗೆ ಹೋದಳು. ಅಲ್ಲಿ ನಿಂತಳು. ಬಹಳ ಹೊತ್ತು ನಿಂತಳು.

"ಯಾರು?" ಎಂದಳು.

ಖುಷಿಯ ದನಿ ಅದಾಗಿರಲಿಲ್ಲ. ಸಾವಿನ ಸುದ್ದಿ ಕೇಳಿದವರು ಕೇಳುವ ಪ್ರಶ್ನೆಯ ಹಾಗಿತ್ತು. ಬೊಡಿಲ್ ಬಾಯಿ ತೆರೆದಳು. ಹೊರಗೆ ಬಂದದ್ದು ಈ ಮಾತು:

"ಪ್ರೆಬೆನ್ ಬಂದಿದ್ದ. ಮೆಷಿನ್ ತಗೊಂಡು."

ಸುಳ್ಳಲ್ಲ. ಓಣಿಯ ಮೇಲ್ತುದಿಯ ಪ್ರೆಬೆನ್ ಹಿಂದಿನ ವಾರ ಯಂತ್ರ ತಂದಿದ್ದ, ಡಾಗ್ನಿಯ ಮನೆಯ ಮುಂದಿನ ಗಿಡದ ಬೇಲಿ ಸವರಿ ಹೋಗಿದ್ದ. ಬೇಲಿಯನ್ನು ಮಾತ್ರ. ಅದನ್ನು ಬೊಡಿಲ್ ಹೇಳಲಿಲ್ಲ. ಮೇಜಿನ ಬಳಿ ಕೂತಿದ್ದ ಐಗಿಲ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಡಾಗ್ನಿ ನಿಧಾನಕ್ಕೆ ತಲೆಯಾಡಿಸಿ, ಬಂದು ಕೂತು, ಒಂದು ತುಂಡು ಕೇಕು ತಿಂದು, "ಚೆನ್ನಾಗಿದೆ ಬೊಡಿಲ್, ತುಂಬ ಶ್ರಮ ತಗೊಂಡಿದೀಯ" ಎಂದಳು.

ಮನೆಗೆ ಬಂದ ಮೇಲೆ ಐಗಿಲ್ ಬೂಟು ಬಿಚ್ಚುತ್ತ ಹೇಳಿದ: "ನಾಳೆ ಹೋಗಿ ಹೇಳ್ಬಿಡು."

"ಹೇಳ್ತೀನಿ."

"ನಾನೇ ಹೇಳ್ಲಾ?"

"ನಾನು ಮಾಡಿದ್ದು, ನಾನೇ ಹೇಳ್ತೀನಿ ಅಂದ್ನಲ್ಲ!"

ಮರುದಿನ ಹೋದಳು ಕೂಡ. ಆದರೆ ಅವಳು ಬಾಯಿ ತೆರೆಯುವ ಮೊದಲೇ ಡಾಗ್ನಿ ಮಾತು ಶುರುಮಾಡಿದಳು. ಅಷ್ಟು ವರ್ಷಗಳ ನೆರೆಹೊರೆಯಲ್ಲಿ ಆ ದಿಬ್ಬದ ಬಗ್ಗೆ ಅವಳು ಬೊಡಿಲ್ ಮುಂದೆ ಬಾಯಿಬಿಟ್ಟದ್ದು ಅದೇ ಮೊದಲು. ಗಿರಣಿಯಲ್ಲಿ ಮಗ್ಗಗಳ ಸದ್ದಿಗೆ ಸಂಜೆಯಾದರೂ ಕಿವಿ ಗುಂಯ್ ಎನ್ನುತ್ತಿತ್ತಂತೆ. ಮನೆಗೆ ಬಂದು ದಿಬ್ಬದ ಮೇಲೆ ಕೂತರೆ ಹುಳುಗಳ ಸಣ್ಣ ಸದ್ದು ಕೇಳುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ಕಿವಿ ಮತ್ತೆ ತನ್ನದಾಗುತ್ತಿತ್ತು.

"ಅದೊಂದು ಮಣ್ಣುಜೇನು, ಬೊಡಿಲ್. ಗೂಡಲ್ಲಿ ಗುಂಪಾಗಿರೋದಲ್ಲ, ಒಂಟಿ. ನನ್ನ ಹಾಗೆ. ಮರಳಲ್ಲಿ ತೂತು ತೋಡ್ಕೊಂಡು ಮರಿಗೆ ಊಟ ಕೂಡಿಸಿಡುತ್ತೆ. ಆ ಊಟ ನೀಲಿಟೋಪಿದೇ ಆಗ್ಬೇಕು. ನಮಗೆ ಆಲೂಗಡ್ಡೆ ಇಲ್ಲದಿದ್ರೆ ಬ್ರೆಡ್ಡು. ಅದಕ್ಕೆ ಇದಿಲ್ಲದಿದ್ರೆ ಇಲ್ಲ, ಅಷ್ಟೇ. ಈ ಹೂವಿನ ಪುಡಿ ಗುಲಾಬಿ ಬಣ್ಣದ್ದು. ಹಿಂಗಾಲಿಗೆಲ್ಲ ಮೆತ್ಕೊಂಡು ಹೊರಟ್ರೆ ಗುಲಾಬಿ ಚಡ್ಡಿ ಹಾಕ್ಕೊಂಡ ಹಾಗೆ ಕಾಣುತ್ತೆ. ಒಬ್ಬಳೇ ಕೂತು ನಗ್ತಿದ್ದೆ ನಾನು."

ಕಿಟಕಿಯ ಕಡೆ ತಿರುಗಿ ಮತ್ತೆ ಹೇಳಿದಳು: "ಪ್ರೆಬೆನ್‌ಗೆ ಇದೆಲ್ಲ ಗೊತ್ತಿತ್ತು. ಅವನಿಗೊಬ್ಬನಿಗೇ ನಾನು ಹೇಳಿದ್ದು. ಗೊತ್ತಿದ್ದೂ ಮಾಡಿದ್ನಲ್ಲ."

ಬೊಡಿಲ್ ಆಗ ಹೇಳಬಹುದಿತ್ತು. ಆದರೆ ಹುಲ್ಲು ಕೊಯ್ದದ್ದನ್ನು ಹೇಳಿದರೆ ಔಷಧ ಹೊಡೆದದ್ದನ್ನೂ ಹೇಳಬೇಕು, ಅದನ್ನು ಹೇಳಿದರೆ ನಿನ್ನೆ ಪ್ರೆಬೆನ್ ಹೆಸರು ಹೇಳಿದ್ದನ್ನೂ ಹೇಳಬೇಕು. "ಕಾಫಿ ಹಾಕ್ಲಾ?" ಎಂದಳು. ಹಾಕಿದಳು.

ಪ್ರೆಬೆನ್ ಹಾಲಿನ ಲಾರಿ ಓಡಿಸಿ ಮುದುಕನಾದವನು, ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಗುರುವಾರ ಮಧ್ಯಾಹ್ನ ಬೇಕರಿಯಿಂದ ಸಿಹಿ ರೊಟ್ಟಿಯ ಪೊಟ್ಟಣ ಹಿಡಿದು ಡಾಗ್ನಿಯ ಮನೆಗೆ ಇಸ್ಪೀಟಾಡಲು ಬರುತ್ತಿದ್ದ. ಇಬ್ಬರೂ ಮೋಸ ಮಾಡುತ್ತಿದ್ದರು, ಇಬ್ಬರಿಗೂ ಅದು ಗೊತ್ತಿತ್ತು; ಅವರ ಜಗಳ ಬೊಡಿಲ್‌ಳ ಸಲೂನಿಗೂ ಕೇಳುತ್ತಿತ್ತು. ಡಾಗ್ನಿ ಮನೆಗೆ ಬಂದ ಮೊದಲ ಗುರುವಾರ ಅವನು ಬಂದು ಬಾಗಿಲು ತಟ್ಟಿದ. ತೆರೆಯಲಿಲ್ಲ. ಕಿಟಕಿಗೆ ಹಣೆ ಹಚ್ಚಿ ಒಳಗೆ ನೋಡಿದ. ಮತ್ತೆ ತಟ್ಟಿದ. ಕಡೆಗೆ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಟೋಪಿ ಸರಿಮಾಡಿಕೊಂಡು ಹೋದ. ಸಂಜೆಯ ತನಕ ಅದು ಅಲ್ಲೇ ಇತ್ತು, ಕಾಗೆಗಳು ಕಿತ್ತು ತಿಂದವು. ಇದೆಲ್ಲ ಬೊಡಿಲ್‌ಳ ಕಣ್ಣೆದುರೇ ನಡೆಯಿತು. ಅವಳ ಕೈಯಲ್ಲಿ ಯಾರದೋ ಒದ್ದೆ ತಲೆ ಇತ್ತು.

ಅಲ್ಲಿಯ ಜನ ಮುನಿಸಿಕೊಂಡರೆ ಕಾರಣ ಹೇಳುವುದಿಲ್ಲ, ಎದುರಿನವರು ಕೇಳುವುದೂ ಇಲ್ಲ. ಡಾಗ್ನಿ ಬಾಗಿಲು ಮುಚ್ಚಿದಳು, ಪ್ರೆಬೆನ್ ಬರುವುದನ್ನು ಬಿಟ್ಟ. ಅಷ್ಟೇ. ಆದರೆ ತಲೆಗೂದಲು ಬೆಳೆಯುವುದನ್ನು ಬಿಡುವುದಿಲ್ಲವಲ್ಲ; ಅಕ್ಟೋಬರಿನಲ್ಲಿ ಪ್ರೆಬೆನ್ ಸಲೂನಿಗೆ ಬಂದು ಕುರ್ಚಿಯಲ್ಲಿ ಕೂತ. ಬೊಡಿಲ್ ಕುತ್ತಿಗೆಗೆ ಬಟ್ಟೆ ಸುತ್ತಿದಳು. ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ಬೊಡಿಲ್, ನಿನ್ನ ಹತ್ರ ಎಲ್ಲರೂ ಎಲ್ಲಾನೂ ಹೇಳ್ತಾರೆ. ನಾನೇನು ಮಾಡ್ದೆ ಅವಳಿಗೆ?"

ಬೊಡಿಲ್ ಕತ್ತರಿ ಎತ್ತಿಕೊಂಡಳು.

"ಆಸ್ಪತ್ರೆಗೆ ಒಂದೇ ಸಲ ಹೋದೆ ಅಂತ ಸಿಟ್ಟಾ? ನಂಗೆ ಆ ವಾಸನೆ ಆಗಲ್ಲ. ನನ್ನ ಹೆಂಡತಿ ಅಲ್ಲೇ... ಡಾಗ್ನಿಗೆ ಅದು ಗೊತ್ತು. ಅಥವಾ ಬೇಲಿ ಜಾಸ್ತಿ ಸವರಿಬಿಟ್ನಾ?"

"ವಯಸ್ಸಾಯ್ತಲ್ಲ ಪ್ರೆಬೆನ್" ಎಂದಳು ಬೊಡಿಲ್. "ಬಿದ್ದ ಮೇಲೆ ಕೆಲವರು ಹಾಗಾಗ್ತಾರೆ. ಮನಸ್ಸಿಗೆ ಹಚ್ಕೋಬೇಡ."

"ಹೂಂ" ಎಂದು ಅವನು ಕಣ್ಣು ಕೆಳಗೆ ಮಾಡಿದ. ಆ ದಿನ ಅವಳು ಅವನ ಬಲಗಿವಿಯ ಮೇಲೆ ಸ್ವಲ್ಪ ಜಾಸ್ತಿಯೇ ಕತ್ತರಿಸಿಬಿಟ್ಟಳು. ದುಡ್ಡು ಬೇಡ ಎಂದಳು. ಅವನು ಒತ್ತಾಯ ಮಾಡಿ ಕೊಟ್ಟು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ಅಂದಿನಿಂದ ಅವಳದಾಯಿತು. ಬೆಂಚಿನ ಮೇಲೆ ಯಾರಾದರೂ "ಡಾಗ್ನಿ" ಎಂದರೆ ಸಾಕು, ಅವಳು ಕೂದಲು ಒಣಗಿಸುವ ಯಂತ್ರ ಹಾಕಿ ಮಾತು ಮುಳುಗಿಸುತ್ತಿದ್ದಳು.

ಹೇಳಲಾಗದವಳು ಮಾಡಲು ಹೊರಟಳು. ವಸಂತ ಬಂದಾಗ ತನ್ನ ಹಿತ್ತಲಿನ ಹುಲ್ಲುಹಾಸಿನ ಅರ್ಧವನ್ನು ಅಗೆಸಿದಳು. ಐಗಿಲ್ ಗುದ್ದಲಿ ಹಿಡಿದು ನಿಂತು, "ಮೂವತ್ತು ವರ್ಷ ನಾನು ಸಾಕಿದ ಹುಲ್ಲು ಕಣೇ ಇದು. ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳೋದು ಇದಕ್ಕಿಂತ ಕಷ್ಟನಾ?" ಎಂದ.

"ಕಷ್ಟ" ಎಂದಳು ಬೊಡಿಲ್.

ಅಂಗಡಿಯಿಂದ 'ಕಾಡುಹೂ, ದುಂಬಿಗಳಿಗೆ ಪ್ರಿಯ' ಎಂದು ಬರೆದಿದ್ದ ದೊಡ್ಡ ಪೊಟ್ಟಣ ತಂದು ಚೆಲ್ಲಿದಳು. ಜುಲೈ ಹೊತ್ತಿಗೆ ಕೆಂಪು, ಹಳದಿ, ಕಿತ್ತಳೆ, ಬಿಳಿ, ಎಲ್ಲ ಒಮ್ಮೆಲೇ ಅರಳಿ ಜಾತ್ರೆಯಾಯಿತು. ಓಣಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದರು. ನೀಲಿಟೋಪಿ ಒಂದೂ ಇರಲಿಲ್ಲ. ಡಾಗ್ನಿ ಊರುಗೋಲಿನ ಮೇಲೆ ಭಾರ ಹಾಕಿ ಬೇಲಿಯಾಚೆಯಿಂದ ನೋಡಿದಳು.

"ಸರ್ಕಸ್ ಕಂಪನಿ ಯಾವಾಗ ಬಂತು?"

"ಹುಳಗಳಿಗೆ ಅಂತ ಹಾಕ್ದೆ" ಎಂದಳು ಬೊಡಿಲ್, ಮುಖ ಕೆಂಪಾಗಿ.

"ಹೂವೇನೋ ಚೆನ್ನಾಗಿದೆ. ಅರ್ಧಕ್ಕರ್ಧ ಎಲ್ಲೆಲ್ಲಿಂದಲೋ ಬಂದವು, ಮುಂದಿನ ವರ್ಷ ಇರಲ್ಲ." ಡಾಗ್ನಿ ಅವಳನ್ನು ದಿಟ್ಟಿಸಿದಳು. "ನಿಜವಾಗ್ಲೂ ಬೇಕಾ ನಿಂಗೆ? ನೀಲಿಟೋಪಿ?"

"ಬೇಕು."

"ಯಾಕೆ?"

"ನೀನು ಹೇಳಿದ್ದು ಮನಸ್ಸಿಂದ ಹೋಗ್ಲಿಲ್ಲ" ಎಂದಳು ಬೊಡಿಲ್. ಅದೂ ಸುಳ್ಳಲ್ಲ.

ಡಾಗ್ನಿಯ ಮುಖ ಅರಳಿದ್ದನ್ನು ನೋಡಲು ಬೊಡಿಲ್‌ಗೆ ಆಗಲಿಲ್ಲ. ಅಂದಿನಿಂದ ಮುದುಕಿ ಅವಳಿಗೆ ಪಾಠ ಹೇಳತೊಡಗಿದಳು. ಚರ್ಚಿನ ಹಿಂದಿನ ಹಳೆಯ ಜಲ್ಲಿಗುಂಡಿಯ ಅಂಚಿನಲ್ಲಿ ಇನ್ನೂ ಕೆಲವು ನೀಲಿಟೋಪಿ ಉಳಿದಿವೆ, ಆಗಸ್ಟ್ ಕೊನೆಗೆ ಹೋಗಿ ಬೆರಳಿಗೆ ತಾನಾಗಿ ಉದುರಿ ಬಂದಷ್ಟು ಬೀಜ ಮಾತ್ರ ತಾ, ಹೆಚ್ಚು ತಂದರೆ ಇರುವೆಗಳು ನಿನ್ನನ್ನು ಶಪಿಸುತ್ತವೆ, ಅವೂ ಆ ಬೀಜ ಹೊತ್ತೊಯ್ದು ತಿನ್ನುತ್ತವೆ. ಮರಳು ತುಂಬಿದ ತಟ್ಟೆಯಲ್ಲಿ ಊರಿ ಹೊರಗೇ ಇಡು, ಮಂಜು ಬೀಳಲಿ, ಹೆಪ್ಪುಗಟ್ಟಲಿ, ಒಳಗೆ ತಂದು ಮುದ್ದು ಮಾಡಬೇಡ. ನಿನ್ನ ಹಿತ್ತಲಿನ ಮಣ್ಣು ಗೊಬ್ಬರ ತಿಂದು ಕೊಬ್ಬಿದೆ. ಮೇಲಿನ ಪದರ ತೆಗೆದು ಮರಳು ಬೆರೆಸು. ಮುದುಕಿ ಹೇಳಿದ್ದನ್ನೆಲ್ಲ ಬೊಡಿಲ್ ಮಾಡಿದಳು. ಅವಳು ಶ್ರದ್ಧೆಯಿಂದ ಮಾಡಿದಷ್ಟೂ ಡಾಗ್ನಿಗೆ ಅವಳ ಮೇಲೆ ಪ್ರೀತಿ ಹೆಚ್ಚಿತು, ಆ ಪ್ರೀತಿ ಹೆಚ್ಚಿದಷ್ಟೂ ಬೊಡಿಲ್‌ಗೆ ಊಟ ಸೇರದಾಯಿತು. ಸಂಜೆ ರೊಟ್ಟಿಯ ಮೇಲೆ ಮಾಂಸದ ಲೇಪ ಸವರಿ ತಟ್ಟೆಯಲ್ಲಿ ಹಾಗೆಯೇ ಬಿಡುವಳು.

"ನಿನ್ನ ದಿಬ್ಬದಲ್ಲೂ ನೆಡೋಣ್ವಾ?" ಎಂದು ಒಮ್ಮೆ ಕೇಳಿದಳು.

"ಬೇಡ. ಒಂದು ಬುಡಾನೂ ಮತ್ತೆ ಚಿಗುರಲಿಲ್ಲ ಅಂದ್ಮೇಲೆ ಅಲ್ಲಿ ಅವನು ವಿಷ ಹಾಕಿದ್ದಾನೆ. ನೋಡೋಕೂ ನಂಗೆ ಇಷ್ಟ ಇಲ್ಲ" ಎಂದಳು ಡಾಗ್ನಿ. ಅಡುಗೆಮನೆಯ ಆ ಕಿಟಕಿಗೆ ಪರದೆ ಹಾಕಿಸಿದ್ದಳು.

ಎರಡನೇ ಬೇಸಿಗೆಯಲ್ಲಿ ಸಸಿಗಳು ನೆಲಕ್ಕಂಟಿದ ಎಲೆಗಳ ಗುಚ್ಛವಾಗಿ ಕೂತವು, ಅಷ್ಟೇ. ಮೂರನೆಯದರಲ್ಲಿ ಕಾಂಡ ಎದ್ದವು. ಜೂನ್ ಮುಗಿಯುವ ಹೊತ್ತಿಗೆ ಬೊಡಿಲ್‌ಳ ಹಿತ್ತಲಿನ ಅರ್ಧ ಭಾಗ ನೀಲಿಯಾಗಿ ತೂಗತೊಡಗಿತು. ಸಲೂನಿನ ಬೆಂಚಿನವರು ಈಗ ಅವಳನ್ನೇ ಆಡಿಕೊಂಡರು. "ನಮ್ಮ ತಲೆ ಮಾತ್ರ ನುಣ್ಣಗೆ ಮಾಡ್ತೀಯ, ಹಿತ್ತಲು ನೋಡಿದ್ರೆ ಕುರಿಗೇ ದಾರಿ ಸಿಗಲ್ಲ!" ಅವಳು ನಕ್ಕಳು. ಆಡಿಕೊಳ್ಳಲಿ ಎನಿಸಿತು. ಇನ್ನೂ ಜೋರಾಗಿ ಆಡಿಕೊಳ್ಳಬಾರದೇ ಎಂದೂ ಅನಿಸಿತು.

ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಕಂಡಿತು. ಒಂದು ಹೂವಿನ ಮೇಲೆ ಕಪ್ಪು ಮೈಯ ದಪ್ಪ ಹುಳು, ಹಿಂಗಾಲು ತುಂಬ ಗುಲಾಬಿ ಪುಡಿ. ಕೈಯಲ್ಲಿದ್ದ ಒದ್ದೆ ಟವೆಲನ್ನು ಹುಲ್ಲಿನ ಮೇಲೆ ಬಿಟ್ಟು ಬೊಡಿಲ್ ಓಡಿದಳು.

"ಡಾಗ್ನಿ! ಚಡ್ಡಿ! ಬಾ, ಚಡ್ಡಿ ಹಾಕ್ಕೊಂಡು ಬಂದಿದೆ!"

ಡಾಗ್ನಿ ಬೆಳಗಿನ ಉಡುಪಿನಲ್ಲೇ ಬಂದಳು. ಬೊಡಿಲ್ ತಂದ ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿದಳು. ಹುಳು ಹೂವನ್ನು ಸುತ್ತಿ, ಪಕ್ಕದ್ದಕ್ಕೆ ಹಾರಿ, ಮತ್ತೆ ಸುತ್ತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಡಾಗ್ನಿಯ ಭುಜ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇತ್ತು.

"ಜಲ್ಲಿಗುಂಡಿಯಿಂದ ಬಂದಿರ್ಬೇಕು. ಇಷ್ಟು ದೂರ..." ಅವಳು ಬೊಡಿಲ್‌ಳ ಕೈ ಹಿಡಿದುಕೊಂಡಳು. "ಈ ಊರಲ್ಲಿ ನೀನೊಬ್ಬಳೇ ಕಣೇ ನನ್ನ ಮಾತು ಅರ್ಥ ಮಾಡ್ಕೊಂಡಿದ್ದು. ಆ ಹಾಳು ಮನುಷ್ಯ ಕೊಂದಿದ್ದನ್ನ ನೀನು ಬದುಕಿಸ್ದೆ."

ಆ ಮುದಿ ಕೈ ಬೆಚ್ಚಗಿತ್ತು. ಬೊಡಿಲ್ ತನ್ನ ಕೈ ಬಿಡಿಸಿಕೊಂಡಳು.

"ಅವನಲ್ಲ ಡಾಗ್ನಿ. ನಾನು."

"ಏನು ನೀನು?"

"ದಿಬ್ಬ ಕೊಯ್ದಿದ್ದು. ನಾನು, ಐಗಿಲ್. ಔಷಧ ಹೊಡೆದಿದ್ದು ನಾನೊಬ್ಬಳೇ. ನೀನು ಬರೋ ಹೊತ್ತಿಗೆ ಚೆಂದ ಕಾಣ್ಲಿ ಅಂತ. ಪ್ರೆಬೆನ್ ಬೇಲಿ ಸವರಿ ಹೋದ, ಅಷ್ಟೇ. ಅವತ್ತು ನೀನು ಯಾರು ಅಂದಾಗ... ಅವನ ಹೆಸರು ಬಾಯಿಗೆ ಬಂತು."

ಡಾಗ್ನಿ ಹೂವಿನ ಕಡೆಯೇ ನೋಡುತ್ತಿದ್ದಳು. ಹುಳುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು.

"ಬೇಲಿ ಅಷ್ಟೇನಾ?" ಎಂದಳು ಕಡೆಗೆ.

"ಅಷ್ಟೇ."

"ಮೂರು ಚಳಿಗಾಲ." ದನಿ ಎತ್ತರಿಸಲಿಲ್ಲ ಅವಳು. "ಮೂರು ಚಳಿಗಾಲ ನಾನೊಬ್ಬಳೇ ಕೂತು ಇಸ್ಪೀಟಿನ ಎಲೆ ಜೋಡಿಸಿದ್ದೀನಿ. ಅವನ ಹೆಜ್ಜೆ ಸದ್ದು ಕೇಳಿದ್ರೆ ರೇಡಿಯೋ ಜೋರು ಮಾಡ್ತಿದ್ದೆ. ನನಗೆ ಎಷ್ಟು ವರ್ಷ ಉಳಿದಿದೆ ಅಂತ ನಿನ್ನ ಲೆಕ್ಕ, ಬೊಡಿಲ್?"

"ಹೇಳ್ಬೇಕು ಅಂತ ಎಷ್ಟು ಸಲ..."

"ಹುಲ್ಲು ಕೊಯ್ದಿದ್ದಕ್ಕೆ ಅವತ್ತೇ ನಿನ್ನ ಬೈದು, ಅತ್ತು, ಕೇಕು ತಿಂದು ಮುಗಿಸ್ತಿದ್ದೆ. ತಿಳೀದೆ ಮಾಡಿದ್ದು ಅದು. ಆಮೇಲಿಂದು ತಿಳಿದೂ ಮಾಡಿದ್ದು."

ಊರುಗೋಲು ಹುಡುಕಿ ಎದ್ದಳು. ಬೊಡಿಲ್ ತೋಳು ಹಿಡಿಯಲು ಹೋದಾಗ ಕೊಸರಿಕೊಂಡು ಒಬ್ಬಳೇ ನಡೆದು ಹೋದಳು.

ಬೊಡಿಲ್ ಅಲ್ಲಿಂದ ನೇರ ಓಣಿಯ ಮೇಲ್ತುದಿಗೆ ಹೋದಳು. ನಿಂತರೆ ಧೈರ್ಯ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಪ್ರೆಬೆನ್ ಮನೆಯ ಮುಂದೆ ಹಳೆಯ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದಳು. ಅವನು ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ಚೈನು ದಾಟಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಿನ್ನ ಕುರ್ಚೀಲಿ ಕೂತು ಕೇಳಿದೆ ನಾನು" ಎಂದ. "ಎಷ್ಟು ಸಲ ಕೂತಿದ್ದೀನಿ ಅಲ್ಲಿ. ನನ್ನ ಕತ್ತು ನಿನ್ನ ಕತ್ತರಿ ಕೆಳಗೆ. ವಯಸ್ಸಾಯ್ತು ಅವಳಿಗೆ ಅಂದೆ ನೀನು. ನಾನು ಅದನ್ನ ನಂಬ್ಕೊಂಡು, ಮುದುಕಿಗೆ ತಲೆ ಕೆಟ್ಟಿದೆ ಪಾಪ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ."

"ತಪ್ಪಾಯ್ತು ಪ್ರೆಬೆನ್."

"ಅವಳು ಮನೇಲಿದ್ದಾಳಾ?"

"ಇದ್ದಾಳೆ."

ಕೈಯ ಎಣ್ಣೆಯನ್ನು ಪ್ಯಾಂಟಿಗೇ ಒರೆಸಿಕೊಂಡು, ಬೊಡಿಲ್‌ಳನ್ನು ದಾಟಿ, ಅವನು ಓಣಿ ಇಳಿದು ಹೋದ. ಬೊಡಿಲ್ ಹಿಂದೆ ಹೋಗಲಿಲ್ಲ. ಬಾಗಿಲು ತೆರೆದ ಸದ್ದು ಅಲ್ಲಿಗೇ ಕೇಳಿಸಿತು. ಆ ಮಧ್ಯಾಹ್ನ ಡಾಗ್ನಿಯ ಮನೆಯಿಂದ ದೊಡ್ಡ ಜಗಳದ ದನಿ ಬಂತು, ಎಲೆ ಕದ್ದೆ ಎಂದು ಒಬ್ಬರು, ಮೊದಲು ಕದ್ದವಳು ನೀನು ಎಂದು ಇನ್ನೊಬ್ಬರು. ಐಗಿಲ್ ಅದನ್ನು ಕೇಳಿ ಸಮಾಧಾನದ ಉಸಿರು ಬಿಟ್ಟ. ಬೊಡಿಲ್ ಒಳಗೆ ಹೋಗಿ ಮಲಗಿದಳು.

ಊರಿಗೆಲ್ಲ ಗೊತ್ತಾಗಲು ಎರಡು ದಿನ ಸಾಕಾಯಿತು. ಕೆಲವರು ಸಲೂನಿಗೆ ಬರುವುದನ್ನು ಬಿಟ್ಟರು. ಬಂದವರಲ್ಲಿ ಹೆಚ್ಚಿನವರು ಸಮಾಧಾನ ಹೇಳಿದರು: "ಹೋಗ್ಲಿ ಬಿಡು ಬೊಡಿಲ್, ಒಳ್ಳೇದಕ್ಕೇ ಅಂತ ತಾನೆ ಮಾಡಿದ್ದು?" ಅದನ್ನು ಕೇಳಿದಾಗ ಮಾತ್ರ ಅವಳಿಗೆ ಸಿಟ್ಟು ಬರುತ್ತಿತ್ತು. "ಹುಲ್ಲು ಕೊಯ್ದಿದ್ದು ಒಳ್ಳೇದಕ್ಕೆ. ಸುಮ್ನಿದ್ದಿದ್ದು ಯಾವ ಒಳ್ಳೇದಕ್ಕೆ?" ಎನ್ನುವಳು.

ಡಾಗ್ನಿ ಅವಳ ಕೈಗೆ ತಲೆ ಕೊಡುವುದನ್ನು ನಿಲ್ಲಿಸಿದಳು. ಪ್ರೆಬೆನ್ ತನ್ನ ಕಾರಿನಲ್ಲಿ ಅವಳನ್ನು ಪಟ್ಟಣದ ಸಲೂನಿಗೆ ಕರೆದೊಯ್ದ. ಅವನೂ ಅಲ್ಲೇ ಕತ್ತರಿಸಿಕೊಂಡು ಬಂದ. ಇಬ್ಬರೂ ಕಾರಿಳಿಯುವುದನ್ನು ಬೊಡಿಲ್ ಕಿಟಕಿಯಿಂದ ನೋಡಿದಳು. ಡಾಗ್ನಿಯ ತೆಳು ಬಿಳಿಗೂದಲನ್ನು ಯಾರೋ ಒರಟಾಗಿ ಕತ್ತರಿಸಿ, ಹಿಂದೆ ಮೆಟ್ಟಿಲು ಮೆಟ್ಟಿಲು ಬಿಟ್ಟಿದ್ದರು. ಅದನ್ನು ಸರಿ ಮಾಡಲು ಬೊಡಿಲ್‌ಳ ಬೆರಳು ತುಡಿಯಿತು.

ಆ ಶರತ್ಕಾಲ ಬೊಡಿಲ್ ಪ್ರೆಬೆನ್‌ನ ಮೂಲಕ ಡಾಗ್ನಿಯನ್ನು ಕೇಳಿಸಿದಳು, ದಿಬ್ಬಕ್ಕೆ ಬರಬಹುದೇ ಎಂದು. ಬರಲಿ, ನನ್ನ ಜೊತೆ ಮಾತು ಬೇಡ ಎಂದು ಉತ್ತರ ಬಂತು. ಶನಿವಾರ ಶನಿವಾರ ಬೊಡಿಲ್ ಅಲ್ಲಿಗೆ ಹೋಗಿ, ತಾನೇ ನೀರು ಬಿಟ್ಟು ಬೆಳೆಸಿದ ಆ ದಪ್ಪ ಹುಲ್ಲಿನ ಪದರವನ್ನು ತುಂಡು ತುಂಡಾಗಿ ಕಿತ್ತು, ಮರಳು ಕಾಣುವ ತನಕ ಅಗೆದಳು. ಬೆನ್ನು ಹಿಡಿದುಕೊಂಡಿತು. ಐಗಿಲ್ ಕೈಗಾಡಿ ತಳ್ಳಿದ. ಕೆಲವು ದಿನ ಪ್ರೆಬೆನ್ ಬಂದು, ಏನೂ ಮಾತಾಡದೆ, ಒಂದೆರಡು ಗಾಡಿ ತಳ್ಳಿ ಹೋಗುತ್ತಿದ್ದ. ಅಡುಗೆಮನೆಯ ಕಿಟಕಿಯ ಪರದೆ ಮುಚ್ಚಿಯೇ ಇತ್ತು.

ಮುಂದಿನ ವಸಂತದಲ್ಲಿ, ಬೊಡಿಲ್ ತನ್ನ ಹಿತ್ತಲಿನ ಸಸಿಗಳನ್ನು ತಟ್ಟೆಯಲ್ಲಿ ಹೊತ್ತು ತಂದು ನೆಡುತ್ತಿದ್ದಾಗ, ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು.

"ಇಷ್ಟು ಒತ್ತಾಗಿ ನೆಟ್ರೆ ಹುಳ ಗೂಡು ಎಲ್ಲಿ ತೋಡ್ಬೇಕು? ಬರೀ ಮರಳು ಬೇಕು ಮಧ್ಯೆ."

ಬೊಡಿಲ್ ಮೊಣಕಾಲ ಮೇಲಿದ್ದಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ. "ಎಷ್ಟು ಬಿಡ್ಲಿ?"

"ಒಂದು ಮಾರು." ಡಾಗ್ನಿ ಕೋಲಿನ ತುದಿಯಿಂದ ಗೆರೆ ಎಳೆದಳು. "ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಗೊತ್ತಿರ್ಲಿ."

"ಗೊತ್ತು."

"ಹೋಗುತ್ತೋ ಇಲ್ವೋ ಹೇಳೋಕಾಗಲ್ಲ. ಈ ವಯಸ್ಸಲ್ಲಿ ಯಾವುದೂ ಬೇಗ ಆಗಲ್ಲ."

"ಇರ್ಲಿ ಡಾಗ್ನಿ."

ನೆಟ್ಟ ಸಸಿಗಳನ್ನು ಬೊಡಿಲ್ ಮತ್ತೆ ಕಿತ್ತಳು. ಡಾಗ್ನಿ ಕೋಲಿನಿಂದ ಜಾಗ ತೋರಿಸುತ್ತ ಹೋದಳು, ಬೊಡಿಲ್ ಅಲ್ಲಲ್ಲಿ ಗುಳಿ ತೋಡುತ್ತ ಹೋದಳು. ಕಡೆಯ ಸಾಲು ಮುಗಿಯುವ ಮುಂಚೆ ಗಾಳಿ ತಣ್ಣಗಾಯಿತು. ಉಳಿದದ್ದು ನಾಳೆ ಎಂದು ಹೇಳಿ ಡಾಗ್ನಿ ಒಳಗೆ ಹೋದಳು. ಬೊಡಿಲ್ ನೀರಿನ ಕ್ಯಾನು ತುಂಬಿಸಿಕೊಂಡು ಬಂದು, ಬಗ್ಗಿ, ಒಂದೊಂದು ಬುಡಕ್ಕೂ ಸ್ವಲ್ಪ ಸ್ವಲ್ಪ ಹಾಕತೊಡಗಿದಳು.